ಗಮನಿಸಿಯಣ್ಣನ ಓಡುವ ದೀಪಗಳು

ಬೆಳಗಿನಿಂದ ಸಂಜೆಯವರೆಗೆ "ದಯವಿಟ್ಟು ಗಮನಿಸಿ, ದಯವಿಟ್ಟು ಗಮನಿಸಿ" ಎಂದು ಊರಿಗೆಲ್ಲ ಕೇಳುವಂತೆ ಬೇಡಿಕೊಳ್ಳುವ ಮನುಷ್ಯನೊಬ್ಬನಿದ್ದ. ಊರಿನಲ್ಲಿ ಯಾರೂ ಗಮನಿಸದ ಮನುಷ್ಯನೂ ಅವನೇ. ಬಸ್ ನಿಲ್ದಾಣದ ಮೂಲೆಯ ಗಾಜಿನ ಗೂಡಿನಲ್ಲಿ, ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಸಾರುವುದು ಅವನ ಉದ್ಯೋಗ. ಹೆತ್ತವರು ಪ್ರೀತಿಯಿಂದ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಎಲ್ಲಾದರೂ ಸಹಿ ಹಾಕಬೇಕಾಗಿ ಬಂದಾಗ ಅದನ್ನು ನೆನಪಿಸಿಕೊಳ್ಳಲು ಅವನಿಗೇ ಒಂದು ಗಳಿಗೆ ಬೇಕಾಗುತ್ತಿತ್ತು. ಎಲ್ಲರ ಬಾಯಲ್ಲೂ ಅವನು ಗಮನಿಸಿಯಣ್ಣ.

ಕಂಠವೇನೋ ಬಂಗಾರದಂಥದು. ಚಿಕ್ಕಂದಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಕೂತು ಅವಳು ಪದ್ಯ ಓದುವುದನ್ನು ಕೇಳಿ ಕೇಳಿ ಹದವಾದ ಕಿವಿ ಅವನದು. ಹೀಗಾಗಿ ಬಸ್ಸಿನ ಪ್ರಕಟಣೆಗೂ ಒಂದು ಏರು, ಒಂದು ಇಳಿವು, ಉಸಿರಿಗೊಂದು ನಿಲುಗಡೆ. ಕೊರತೆ ಒಂದೇ. ಲಕ್ಷ್ಯವೆಲ್ಲ ರಾಗದ ಮೇಲೆ ಹೋದಾಗ ಪ್ಲಾಟ್‌ಫಾರಂ ಹಿಂದುಮುಂದಾಗುತ್ತಿತ್ತು. ಪೂರ್ವಕ್ಕೆ ಹೋಗಬೇಕಾದವರು ಪಶ್ಚಿಮದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ನೆಮ್ಮದಿಯಾಗಿ ನಿದ್ದೆ ಹೋಗಿಬಿಡುತ್ತಿದ್ದರು. ಪಳಗಿದ ಪ್ರಯಾಣಿಕರು ಅವನ ಪ್ರಕಟಣೆಯನ್ನು ತಲೆದೂಗುತ್ತ ಪೂರ್ತಿ ಕೇಳಿ, ಮುಗಿದ ಕೂಡಲೇ ಪಕ್ಕದವರ ಕಡೆ ತಿರುಗಿ, "ನಮ್ಮ ಬಸ್ಸು ಎಲ್ಲಿ ಬರುತ್ತೆ ಸಾರ್?" ಎಂದು ಕೇಳುತ್ತಿದ್ದರು.

ಮನೆಯಲ್ಲಿ ಅವನಿಗೆ ವಿದ್ಯುತ್ತಿನ ಯಾವ ವಸ್ತುವನ್ನೂ ಮುಟ್ಟುವ ಹಕ್ಕಿರಲಿಲ್ಲ. ಹಿಂದೊಮ್ಮೆ ಅವನು ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿದ್ದ. ಆಮೇಲೆ ಅದರ ಸ್ವಿಚ್ಚು ಹಾಕಿದಾಗಲೆಲ್ಲ ಪಕ್ಕದ ಮನೆಯ ಕರೆಗಂಟೆ ಹೊಡೆದುಕೊಳ್ಳುತ್ತಿತ್ತು. ಅದು ಹೇಗೆ ಸಾಧ್ಯವೆಂದು ಇಂದಿಗೂ ಯಾರಿಗೂ ಬಗೆಹರಿದಿಲ್ಲ. ಅಂದಿನಿಂದ ಹೆಂಡತಿ ಅವನಿಗೆ ಬಲ್ಬು ಬದಲಿಸುವುದಕ್ಕೂ ಬಿಡಲಿಲ್ಲ.

ಹೆಂಡತಿಯನ್ನು ಜನ ಟೈಲರಕ್ಕ ಎಂದು ಕರೆಯುತ್ತಿದ್ದರು. ಮನೆಯ ಬಚ್ಚಲಿಗೆ ಹೋಗುವ ದಾರಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಮುಖ ತೊಳೆಯಲು ಹೋಗುವವರಿಗೂ ಬರುವವರಿಗೂ ಕಾಲು ಮಡಚಿ ದಾರಿ ಬಿಡುತ್ತ, ವರ್ಷಾನುಗಟ್ಟಲೆ ಊರಿನ ಬಟ್ಟೆ ಹೊಲಿದ ಹೆಂಗಸು. ಈಗ ಅವಳದೇ ಒಂದು ಅಂಗಡಿ ಸಿದ್ಧವಾಗಿತ್ತು. ಮುಖ್ಯರಸ್ತೆಯಿಂದ ಒಂದು ಗಲ್ಲಿ ಒಡೆಯುವ ಮೂಲೆಯಲ್ಲಿ, ಒಂದೇ ಬಾಗಿಲಿನದು. ಎದುರಿಗೇ ಸಿದ್ಧ ಉಡುಪಿನ ದೊಡ್ಡ ಮಳಿಗೆ. ಅಲ್ಲಿನ ಗಾಜಿನೊಳಗಿನ ಗೊಂಬೆಗಳೂ ಈ ಕಡೆ ನೋಡಿ ಮೂಗು ಮುರಿಯುವಂತೆ ನಿಂತಿದ್ದವು.

"ಮೊದಲನೇ ಸಂಜೆ ಬಾಗಿಲು ತುಂಬಬೇಕು," ಎಂದಳು ಟೈಲರಕ್ಕ. "ತುಂಬದೇ ಹೋದ್ರೆ ಎದುರಿನವರು ನೋಡ್ತಾರೆ, ಒಬ್ಬರಿಗೊಬ್ಬರು ಹೇಳ್ಕೋತಾರೆ. ಆಮೇಲೆ ನಾನು ಎಷ್ಟು ಚೆನ್ನಾಗಿ ಹೊಲಿದ್ರೂ ಅದು ಖಾಲಿ ಅಂಗಡಿ ಅಂತಲೇ ಹೆಸರಾಗುತ್ತೆ. ಮತ್ತೆ ಬಚ್ಚಲ ದಾರಿಗೇ ಯಂತ್ರ ತರಬೇಕು."

ಅವಳ ತಮ್ಮ ಅಂದು ಮನೆಗೆ ಬಂದಿದ್ದ. ಅವನು ವಿದ್ಯುತ್ ಕಾಂಟ್ರಾಕ್ಟರ್. ಸೊಂಟದಲ್ಲಿ ಟೆಸ್ಟರು, ಬಾಯಲ್ಲಿ ಅಧಿಕಾರ. "ಅಕ್ಕ, ನೀನು ಚಿಂತೆ ಬಿಡು. ಲೈಟಿಂಗ್ ನಂದು," ಎಂದು, ಗಮನಿಸಿಯಣ್ಣನ ಕಡೆ ಕರುಣೆಯಿಂದ ನೋಡಿ, "ಭಾವ ಪಾಪ, ಬಂದವರಿಗೆ ನಮಸ್ಕಾರ ಮಾಡ್ಕೊಂಡು ಬಾಗಿಲಲ್ಲಿ ನಿಂತಿರ್ಲಿ," ಎಂದ.

ಎಲ್ಲವನ್ನೂ ಸಹಿಸಬಹುದು, ಆ "ಪಾಪ" ಎಂಬ ಮಾತನ್ನು ಸಹಿಸಲಾಗದು. ಗಮನಿಸಿಯಣ್ಣನ ಬಾಯಿಂದ, ಅವನ ಅಪ್ಪಣೆಯನ್ನೂ ಕೇಳದೆ, ಒಂದು ವಾಕ್ಯ ಹೊರಬಿತ್ತು:

"ಲೈಟಿಂಗಿಗೆ ನಾನೇ ಪ್ರೋಗ್ರಾಂ ಬರೀತಿದೀನಿ."

ಕಾಂಟ್ರಾಕ್ಟರನ ಕೈಯಲ್ಲಿದ್ದ ಲೋಟ ತುಟಿಯ ಹತ್ತಿರವೇ ನಿಂತಿತು.

"ಭಾವ, ಪ್ರೋಗ್ರಾಂ ಅಂದ್ರೆ ಏನು ಅಂತ ಗೊತ್ತಾ?"

"ಗೊತ್ತಿಲ್ಲದೆ ಬರೀತಾರೇನಯ್ಯಾ?"

ಗೊತ್ತಿರಲಿಲ್ಲ. ಆದರೆ ಆಡಿದ ಮಾತನ್ನು ವಾಪಸು ನುಂಗುವ ಅಭ್ಯಾಸ ಮೈಕಿನ ಮುಂದೆ ಕೂರುವವರಿಗೆ ಇರುವುದಿಲ್ಲ. ಮಾರನೆಯ ದಿನವೇ ಅವನು ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಹಾಜರಾದ. ಅಂಗಡಿಯವನು ಪಟ್ಟಿಯಂತೆ ಸುರುಳಿ ಸುತ್ತಿದ ಎಲ್‌ಇಡಿ ದೀಪದ ಸಾಲನ್ನೂ, ಅದನ್ನು ಕುಣಿಸುವ ಅಂಗೈಯಗಲದ ಪೆಟ್ಟಿಗೆಯನ್ನೂ ಮೇಜಿನ ಮೇಲಿಟ್ಟ.

"ದೊಡ್ಡ ಪ್ರೋಗ್ರಾಂ ಬರೆಯೋ ತಲೆನೋವೇ ಇಲ್ಲ ಸಾರ್. ಇದಕ್ಕೆ ಒಂದು ಮ್ಯಾಕ್ರೋ ಲೈಬ್ರರಿ ಬರುತ್ತೆ. ದೀಪ ಹೇಗೆ ಕುಣೀಬೇಕು ಅಂತ ಒಂದ್ಸಲ ಬರೆದು, ಆ ಕುಣಿತಕ್ಕೆ ಒಂದು ಹೆಸರು ಇಟ್ಟುಬಿಡಿ. ಆಮೇಲೆ ಎಲ್ಲಿ ಬೇಕೋ ಅಲ್ಲಿ ಬರೀ ಹೆಸರು ಬರೆದ್ರೆ ಸಾಕು. ಇಡೀ ಕುಣಿತ ತಾನೇ ಬರುತ್ತೆ."

ಗಮನಿಸಿಯಣ್ಣನ ಕಣ್ಣು ಅರಳಿತು. "ಅಂದ್ರೆ ಪಲ್ಲವಿ!"

"ಯಾವ ಪಲ್ಲವಿ ಸಾರ್?"

"ಅಲ್ರೀ, ಹಾಡಿನ ಪುಸ್ತಕದಲ್ಲಿ ಪಲ್ಲವಿನ ಮೇಲುಗಡೆ ಒಂದ್ಸಲ ಬರೀತಾರೆ. ಆಮೇಲೆ ಪ್ರತಿ ನುಡಿ ಕೊನೇಲೂ 'ಪ' ಅಂತ ಒಂದೇ ಅಕ್ಷರ. ಹಾಡೋರು ಅದನ್ನ ನೋಡಿ ಪಲ್ಲವಿ ಪೂರ್ತಿ ಹಾಡ್ತಾರೆ. ಮೇಲಿನ ಪಲ್ಲವಿ ತಿದ್ದಿದ್ರೆ ಹಾಡು ಪೂರ್ತಿ ತಿದ್ದಿದ ಹಾಗೆ."

ಮಾರಾಟವಾಗುವ ಸೂಚನೆ ಕಂಡ ಅಂಗಡಿಯವನು, "ಅದೇ ಸಾರ್! ನೀವು ಇದಕ್ಕೇ ಹುಟ್ಟಿದವರು," ಎಂದ. ಗಮನಿಸಿಯಣ್ಣ ಅದನ್ನು ವರವೆಂದೇ ಸ್ವೀಕರಿಸಿದ.

ಮುಂದಿನ ದಿನಗಳಲ್ಲಿ ಮನೆಯ ಹಳೆಯ ಲ್ಯಾಪ್‌ಟಾಪಿನ ಮುಂದೆ ಅವನು ಕೂತ ಭಂಗಿಯನ್ನು ನೋಡಿದವರು ಏನೋ ಮಹಾಕಾವ್ಯವೇ ಇಳಿದುಬರುತ್ತಿದೆ ಎಂದುಕೊಳ್ಳಬೇಕು. ಮೊದಲ ಪ್ರಯತ್ನದಲ್ಲಿ ಒಂದೇ ಒಂದು ದೀಪ ಹೊತ್ತಿ, ಎಲ್ಲರನ್ನೂ ದುರುಗುಟ್ಟಿ ನೋಡಿ, ಆರಿತು. ಎರಡನೆಯದರಲ್ಲಿ ಎಲ್ಲ ದೀಪಗಳೂ ಒಟ್ಟಿಗೇ ಹೊತ್ತಿ, ಏನು ಮಾಡಿದರೂ ಆರಲೊಲ್ಲವು. ಅವನು ಧೃತಿಗೆಡಲಿಲ್ಲ. ಬಣ್ಣ, ವೇಗ, ದಿಕ್ಕು, ಎಷ್ಟು ಸಲ ಎಂದು ಒಂದೊಂದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ, ತಾಳ ಹಾಕುತ್ತ ಬರೆದ. ದೀಪಗಳು ಮೆಲ್ಲಗೆ ಉಬ್ಬಿ ಮೆಲ್ಲಗೆ ಇಳಿಯುವ ಕುಣಿತಕ್ಕೆ 'ಉಸಿರು' ಎಂದು ಹೆಸರಿಟ್ಟ. ಎಲ್ಲ ದೀಪಗಳೂ ಕೆಂಪಾಗಿ ನಿಂತುಬಿಡುವುದಕ್ಕೆ 'ನಿಲ್ಲಿ' ಎಂದ. ಎಲ್ಲಕ್ಕಿಂತ ಮುಖ್ಯವಾದದ್ದು 'ಬನ್ನಿ'. ಹಳದಿ ಬೆಳಕು ಸಾಲಿನ ಮೊದಲ ದೀಪದಿಂದ ಕೊನೆಯ ದೀಪಕ್ಕೆ ಓಡಿ ಓಡಿ ಹೋಗಿ, ಅಲ್ಲಿ ಮಿಟುಕಿ, "ಇಲ್ಲೇ ಬನ್ನಿ" ಎಂದು ಕರೆಯಬೇಕು. ಇದೇ ಪಲ್ಲವಿ. ಪ್ರತಿ ಕುಣಿತದ ಕೊನೆಗೂ ಇದು ಬರಲೇಬೇಕು.

ಹೆಂಡತಿಗೆಂದು ಗುಟ್ಟಾಗಿ ಇನ್ನೊಂದು ಬರೆದಿದ್ದ. ಪರೀಕ್ಷೆಯ ದಿನ ಸಾಲನ್ನು ನಡುಮನೆಯ ನೆಲದ ಮೇಲೆ ಹಾಸಿ, ಕೊನೆಯ ದೀಪದ ಹತ್ತಿರ ಒಂದು ಸ್ಟೂಲು ಇಟ್ಟು, "ಇದೇ ನಿನ್ನ ಅಂಗಡಿ ಅಂದ್ಕೋ," ಎಂದು ಗುಂಡಿ ಒತ್ತಿದ. ಒಂದು ಬಿಳಿ ಚುಕ್ಕೆ ಮುಳುಗಿತು, ಎದ್ದಿತು, ಮುಳುಗಿತು, ಎದ್ದಿತು. ಅದರ ಹಿಂದೆ ಸಮ ಅಂತರದಲ್ಲಿ ಪುಟ್ಟ ಪುಟ್ಟ ಬೆಳಕಿನ ಗೆರೆಗಳು ನಿಂತುಕೊಂಡವು.

ಟೈಲರಕ್ಕ ಕೈಯಲ್ಲಿದ್ದ ಬಟ್ಟೆ ಬಿಟ್ಟು ನೆಲದ ಮೇಲೆಯೇ ಕೂತಳು. "ರೀ... ಇದು ಕಚ್ಚಾ ಹೊಲಿಗೆ!"

"ಹೆಸರು 'ಹೊಲಿಗೆ' ಅಂತ್ಲೇ ಇಟ್ಟಿದೀನಿ."

ಅವಳು ಇನ್ನೊಂದು ಸಲ ಹಾಕಿಸಿ ನೋಡಿದಳು. ಮತ್ತೊಂದು ಸಲ. ಆಮೇಲೆ ಕಣ್ಣನ್ನು ಬೇರೆ ಕಡೆ ತಿರುಗಿಸಿಕೊಂಡು, "ಟಾಕು ಇನ್ನೊಂಚೂರು ಚಿಕ್ಕದು ಬೀಳಬೇಕು," ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅದು ಅವಳ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ. ಏಳುವಾಗ ಒಂದು ಮಾತು ಕೇಳಿದಳು: "ಅಲ್ಲಿ ಗೋಡೆ ಮೇಲೆ ಹೊಲಿಗೆ ಯಾವ ತುದಿಯಿಂದ ಶುರುವಾಗುತ್ತೆ?"

"ಎಲ್ಲಿಂದ ಶುರುವಾಗಬೇಕೋ ಅಲ್ಲಿಂದ," ಎಂದ ಗಮನಿಸಿಯಣ್ಣ, ಬಲ್ಲವರ ಗತ್ತಿನಲ್ಲಿ. ವಿನಾಶವು ಸಾಮಾನ್ಯವಾಗಿ ಇಂಥ ಗತ್ತಿನ ಬಾಗಿಲಿನಿಂದಲೇ ಒಳಗೆ ಬರುತ್ತದೆ.

ಗೋಡೆಗೆ ಅಂಟಿಸುವ ದಿನ ಸಾಲು ಅಂಗಡಿಯ ಹೆಸರಿನ ಹಲಗೆಗಿಂತ ಬಹಳ ಉದ್ದವಾಯಿತು. ಕತ್ತರಿಯ ಗುರುತು ಇರುವ ಕಡೆ ಕತ್ತರಿಸಬಹುದು ಎಂದು ಅದರ ಮೇಲೇ ಅಚ್ಚಾಗಿತ್ತು. ಟೈಲರಕ್ಕ ಕತ್ತರಿ ಹಿಡಿದು ಬಂದೂ ಬಂದಳು.

"ಕೊಡಿ, ಎರಡು ಕಚಕ್ಕಿಗೆ ಮುಗಿಯುತ್ತೆ."

"ಇದು ಬಟ್ಟೆ ಅಲ್ಲ ಕಣೇ, ಪ್ರೋಗ್ರಾಂ!" ಎಂದು ಅವನು ಸಾಲನ್ನು ಎದೆಗವಚಿಕೊಂಡ. ಕೂಸಿನ ಕಾಲು ಕತ್ತರಿಸುತ್ತೇನೆ ಎಂದಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ. ಕಡೆಗೆ, ಉಳಿದ ಸಾಲನ್ನು ಮೂಲೆಯಿಂದ ತಿರುಗಿಸಿ, ಗಲ್ಲಿಯ ಗೋಡೆಯುದ್ದಕ್ಕೂ ಎಳೆದುಕೊಂಡು ಹೋದ. ಅದು ಮುಗಿದದ್ದು ಗಲ್ಲಿಯ ಕೊನೆಯಲ್ಲಿದ್ದ ಹಲ್ಲಿನ ಡಾಕ್ಟರ ಗೇಟಿನ ಮೇಲೆ. ಅಲ್ಲಿಂದ ಮುಂದೆ ದಾರಿ ಇಲ್ಲ, ಎತ್ತರದ ಗೋಡೆ.

"ಧಾರಾಳವಾಗಿ ಹಾಕಿ ಸ್ವಾಮಿ," ಎಂದರು ಡಾಕ್ಟರು. "ನನ್ನ ಗೇಟು ಎಲ್ಲಿದೆ ಅಂತ ರೋಗಿಗಳಿಗೆ ಕಾಣೋದೇ ಇಲ್ಲ. ಅಥವಾ ಕಂಡರೂ ಕಾಣದ ಹಾಗೆ ಹೋಗ್ತಾರೆ."

ಪ್ಲಗ್ಗು ಇದ್ದದ್ದು ಅಂಗಡಿಯ ಬಾಗಿಲ ಮೇಲೆ. ಆದ್ದರಿಂದ ಪೆಟ್ಟಿಗೆ ಅಲ್ಲೇ ಕೂತಿತು. ಪೆಟ್ಟಿಗೆಗೆ ತಾಗಿದ್ದೇ ಮೊದಲ ದೀಪ. ಅಂದರೆ ಮೊದಲ ದೀಪ ಅಂಗಡಿಯದ್ದು, ಕೊನೆಯದ್ದು ಹಲ್ಲಿನ ಡಾಕ್ಟರದ್ದು. ನಡುಮನೆಯಲ್ಲಿ ಅಂಗಡಿಯಾಗಿ ನಿಂತಿದ್ದ ಸ್ಟೂಲು ಈಗ ಬೇರೆ ತುದಿಗೆ ಹೋಗಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ದೀಪ ಓಡುವುದು ಕಾಣದು, ಮತ್ತು ಗಮನಿಸಿಯಣ್ಣನಿಗೆ ಆ ಕ್ಷಣದಲ್ಲಿ ತನ್ನ ಕೀರ್ತಿಯ ಹೊರತು ಇನ್ನೇನೂ ಕಾಣದು.

ಆ ಸಂಜೆ ಬಂತು. ಅತಿಥಿಯಾಗಿ ಡಿಪೋ ಮ್ಯಾನೇಜರರನ್ನು ಕರೆದಿದ್ದರು. ಅವರು ಗಮನಿಸಿಯಣ್ಣನ ಮೇಲಧಿಕಾರಿ, ನಗುವುದನ್ನು ರಜೆಯ ದಿನಕ್ಕೆ ಕಾಯ್ದಿಟ್ಟುಕೊಂಡವರು. ಅವರು ಬರುವ ಮೊದಲೇ ಕತ್ತಲು ಕವಿಯುವ ಹೊತ್ತಾಯಿತೆಂದು ಟೈಲರಕ್ಕ ಸ್ವಿಚ್ಚು ಹಾಕಿದಳು. ಗೋಡೆಯ ಮೇಲೆ ಬೆಳಕು ಉಸಿರಾಡಿತು, ಹೊಲಿಯಿತು, ಹಳದಿಯಾಗಿ ಓಡಿತು. ಬೀದಿಯ ಜನ "ಓಹ್" ಎಂದು ನಿಂತರು.

"ಯಾರು ಮಾಡಿದ್ದು ಇದು?" ಎಂದು ಯಾರೋ ಕೇಳಿದರು.

"ನಮ್ಮದೇ ಕೆಲಸ," ಎಂದು ಕಾಂಟ್ರಾಕ್ಟರ್ ಎದೆ ಸೆಟೆದು ಮುಂದೆ ಬಂದ. "ಭಾವನೂ ಸ್ವಲ್ಪ ಕೈ ಜೋಡಿಸಿದ್ರು. ಏಣಿ ಹಿಡ್ಕೊಳೋಕೆ."

ಬಾಗಿಲಲ್ಲಿ ನಮಸ್ಕಾರ ಮಾಡುತ್ತ ನಿಂತಿದ್ದ ಗಮನಿಸಿಯಣ್ಣನ ಕೈ ಹಾಗೆಯೇ ನಿಂತಿತು. ಆದರೆ ಜಗಳಕ್ಕೆ ಸಮಯವಿರಲಿಲ್ಲ. ಜನ ಬರುತ್ತಿದ್ದರು. ಬಟ್ಟೆಯ ಗಂಟು ಹಿಡಿದ ಹೆಂಗಸರು, ಪ್ಯಾಂಟು ಮಡಚಿ ಕಂಕುಳಲ್ಲಿಟ್ಟುಕೊಂಡ ಗಂಡಸರು ಎಲ್ಲರೂ ಬರುತ್ತಿದ್ದರು, ತಲೆಯೆತ್ತಿ ದೀಪ ನೋಡುತ್ತಿದ್ದರು, ದೀಪ ಓಡಿದ ಕಡೆಗೇ ಓಡಿ, ಅಂಗಡಿಯ ಬಾಗಿಲು ದಾಟಿ, ಮೂಲೆ ತಿರುಗಿ, ಮಾಯವಾಗುತ್ತಿದ್ದರು. ಒಬ್ಬರೂ ಒಳಗೆ ಬರಲಿಲ್ಲ.

ಟೈಲರಕ್ಕ ಹೊಸ ಯಂತ್ರದ ಮುಂದೆ ಒಬ್ಬಳೇ ಕೂತಿದ್ದಳು. ಸೂಜಿಗೆ ದಾರ ಪೋಣಿಸಿಟ್ಟಿದ್ದಳು. ಎದುರಿನ ಮಳಿಗೆಯ ಮಾಲೀಕ ಕುರ್ಚಿಯನ್ನು ಹೊರಗೇ ಹಾಕಿಕೊಂಡು ಕೂತು, ನಾಟಕದ ಮೊದಲ ಸಾಲಿನಲ್ಲಿ ಕೂತವರಂತೆ ನೋಡುತ್ತಿದ್ದ.

"ರೀ," ಎಂದಳು ಅವಳು ಮೆಲ್ಲಗೆ, "ಇವರೆಲ್ಲ ಎಲ್ಲಿಗೆ ಹೋಗ್ತಿದಾರೆ?"

ಅದಕ್ಕೆ ಉತ್ತರವಾಗಿ ಗಲ್ಲಿಯಿಂದ ಹಲ್ಲಿನ ಡಾಕ್ಟರೇ ಓಡೋಡಿ ಬಂದರು. ಮುಖ ಹುಣ್ಣಿಮೆ. ಗಮನಿಸಿಯಣ್ಣನ ಎರಡೂ ಕೈ ಹಿಡಿದು ಕುಲುಕಿದರು.

"ಏನು ದೀಪ ಸ್ವಾಮಿ ನಿಮ್ದು! ನನ್ನ ಇಡೀ ವೃತ್ತಿಯಲ್ಲಿ ಕುರ್ಚಿ ಸಾಲದೆ ಜನ ನಿಂತದ್ದು ಇದೇ ಮೊದಲು. ಒಬ್ಬರು ಪ್ಯಾಂಟು ಗಿಡ್ಡ ಮಾಡಬೇಕು ಅಂದ್ರು. ಮೊದಲು ಬಾಯಿ ತೆಗೀರಿ ಅಂದೆ. ಪಾಪ, ದವಡೆಯಲ್ಲಿ ದೊಡ್ಡ ತೂತು! ಅವರಿಗೇ ಗೊತ್ತಿರಲಿಲ್ಲ."

"ನೋಡಿದೆಯಾ?" ಎಂದು ಗಮನಿಸಿಯಣ್ಣ ಅಭಿಮಾನದಿಂದ ಹೆಂಡತಿಯ ಕಡೆ ತಿರುಗಿದ. ಅವಳ ಮುಖ ನೋಡಿದ ಮೇಲೆ ಹೊಗಳಿಕೆಯ ಅರ್ಧಭಾಗ ಗಂಟಲಲ್ಲೇ ಇಳಿಯಿತು.

"ಅಂಗಡಿ ನಂದು, ದೀಪ ನಿಮ್ದು, ಗಿರಾಕಿ ಡಾಕ್ಟರಿಗೆ," ಎಂದಳು ಟೈಲರಕ್ಕ. ಜೋರಾಗಿ ಅನ್ನಲಿಲ್ಲ. ಜೋರಾಗಿ ಅಂದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಬೀದಿಯಲ್ಲಿ ಇನ್ನೊಂದು ಗಲಭೆ. ಒಂದು ಸ್ಕೂಟರು ಗಲ್ಲಿಗೆ ತಿರುಗಿತು. ಅದರ ಹಿಂದೆ ಇನ್ನೊಂದು. ನಡೆದದ್ದೇನೆಂದರೆ, ಹಿಂದಿನ ವಾರವಷ್ಟೇ ನೀರಿನ ಪೈಪಿಗೆಂದು ಆ ರಸ್ತೆಯನ್ನು ಅಗೆದಿದ್ದರು. ಆಗ ವಾಹನಗಳಿಗೆ ಬದಲಿ ದಾರಿ ತೋರಿಸಲು ಹಳದಿ ಬೆಳಕು ಓಡುವ ಒಂದು ಹಲಗೆ ಇಟ್ಟಿದ್ದರು. ಊರಿನ ಚಾಲಕರೆಲ್ಲ ಅದಕ್ಕೆ ಒಗ್ಗಿಹೋಗಿದ್ದರು. ಹಳದಿ ಬೆಳಕು ಎತ್ತ ಓಡುತ್ತದೋ ಅತ್ತ ಸ್ಟಿಯರಿಂಗು ತಾನಾಗಿ ತಿರುಗುತ್ತಿತ್ತು. ಗಮನಿಸಿಯಣ್ಣನ ಪಲ್ಲವಿಗೆ ಈ ಸಂಗತಿ ತಿಳಿದಿರಲಿಲ್ಲ. ಅದು ಭಕ್ತಿಯಿಂದ ಓಡುತ್ತಲೇ ಇತ್ತು.

ಸ್ಕೂಟರುಗಳಾದ ಮೇಲೆ ಒಂದು ದೊಡ್ಡ ಹಾರ್ನು ಕೇಳಿಸಿತು. ಆ ಹಾರ್ನನ್ನು ಗಮನಿಸಿಯಣ್ಣ ನಿದ್ದೆಯಲ್ಲೂ ಗುರುತಿಸಬಲ್ಲ. ಅವನದೇ ಡಿಪೋದ ಬಸ್ಸು. ಗಜಗಮನೆಯಂತೆ ಬಂದು, ಮೂಲೆಯಲ್ಲಿ ಒಂದು ಗಳಿಗೆ ಯೋಚಿಸಿ, ಹಳದಿ ಬೆಳಕಿಗೆ ವಿಧೇಯವಾಗಿ, ಇಡೀ ದೇಹವನ್ನು ಗಲ್ಲಿಯೊಳಗೆ ತೂರಿಸಿತು. ಡಾಕ್ಟರ ಗೇಟಿನ ಮುಂದೆ ಹೋಗಿ ನಿಂತಿತು. ಮುಂದೆ ಗೋಡೆ. ಎಡಕ್ಕೆ ಗೋಡೆ. ಬಲಕ್ಕೆ ಗೋಡೆ.

ಬಸ್ಸಿನ ಬಾಗಿಲು ಅರ್ಧವಷ್ಟೇ ತೆರೆಯಿತು. ಅದರ ಸಂದಿನಿಂದ ಜನ ಒಬ್ಬೊಬ್ಬರಾಗಿ, ಹೊಟ್ಟೆ ಒಳಗೆಳೆದುಕೊಂಡು ಹೊರಬಿದ್ದರು. ಕೊನೆಗೆ ಬಂದವರು ಡಿಪೋ ಮ್ಯಾನೇಜರು. ಎದುರು ಗೋಡೆಯಲ್ಲಿದ್ದ ಒಂದು ಮೊಳೆ ಅವರ ಕೋಟಿನ ತೋಳನ್ನು ಮೊಣಕೈಯಿಂದ ಮುಂಗೈಯವರೆಗೆ ಪರ್ರನೆ ಸೀಳಿತು.

"ಯಾರ್ರೀ ಇಲ್ಲಿ ಡೈವರ್ಷನ್ ಹಾಕಿದ್ದು?" ಸಂಚಾರಿ ಪೊಲೀಸ್ ಪೇದೆ ಸೀಟಿ ಊದುತ್ತ ಬಂದ. "ನಮ್ಮ ಇಲಾಖೆಗೇ ಗೊತ್ತಿಲ್ಲದ ಡೈವರ್ಷನ್! ಯಾರ ಕೆಲಸ ಇದು?"

ಕಾಂಟ್ರಾಕ್ಟರ್ ಚಟ್ಟನೆ ಪಕ್ಕಕ್ಕೆ ಸರಿದು, ಎರಡೂ ಕೈಯಿಂದ ದಾರಿ ತೋರಿಸಿದ. "ನಮ್ಮ ಭಾವ. ಪೂರ್ತಿ ಅವರದೇ. ಪ್ರೋಗ್ರಾಂ ಕೂಡ ಸ್ವಂತದ್ದು. ನಾನು ಏಣಿ ಕೂಡ ಮುಟ್ಟಿಲ್ಲ."

"ನೀನಾ?" ಎಂದರು ಮ್ಯಾನೇಜರು, ಸೀಳಿದ ತೋಳನ್ನು ಬಾವುಟದಂತೆ ಆಡಿಸುತ್ತ. "ಬಸ್‌ಸ್ಟ್ಯಾಂಡಲ್ಲಿ ಜನಾನ ತಪ್ಪು ಬಸ್ಸಿಗೆ ಹತ್ತಿಸ್ತಿದ್ದೆ. ಈಗ ಬಸ್ಸನ್ನೇ ತಪ್ಪು ಬೀದಿಗೆ ಹತ್ತಿಸೋಕೆ ಶುರು ಮಾಡಿದ್ಯಾ?"

ಗಮನಿಸಿಯಣ್ಣನಿಗೆ ನೆಲ ಬಾಯ್ತೆರೆದರೆ ಒಳ್ಳೆಯದೆನಿಸಿತು. ಆದರೆ ಆ ಬೀದಿಯಲ್ಲಿ ನೆಲವನ್ನು ಹಿಂದಿನ ವಾರವಷ್ಟೇ ಮುಚ್ಚಿದ್ದರು.

ಆಗ ಟೈಲರಕ್ಕ ಎದ್ದು ಬಂದಳು. ಕೊರಳಲ್ಲಿ ಅಳತೆಯ ಟೇಪು. ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒಂದು ಸಲ ನೋಡಿ, "ನಾನು ಅವತ್ತೇ ಕೇಳಿದೆ, ಹೊಲಿಗೆ ಯಾವ ತುದಿಯಿಂದ ಶುರು ಅಂತ," ಎಂದಳು. "ತೋಳನ್ನ ತಿರುಗಾಮುರುಗಾ ಹಚ್ಚಿದ ಹಾಗೆ ಆಗಿದೆ. ಬಿಚ್ಚಿ ಇನ್ನೊಂದ್ಸಲ ಹಚ್ಚಬೇಕು, ಅಷ್ಟೇ. ಹೋಗಿ, ಬಿಚ್ಚಿ." ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಸಾರ್, ಕೋಟು ಬಿಚ್ಚೋದು ಬೇಡ, ಹಾಗೇ ಕೈ ನೀಡಿ," ಎಂದು ಅವರನ್ನು ಅಂಗಡಿಯೊಳಗೆ ಕರೆದುಕೊಂಡು ಹೋದಳು. ಹೀಗೆ, ಯಾವ ಭಾಷಣವೂ ಇಲ್ಲದೆ, ಅಂಗಡಿಯ ಉದ್ಘಾಟನೆ ಮುಖ್ಯ ಅತಿಥಿಗಳ ತೋಳಿನಿಂದಲೇ ಆಯಿತು.

ಬಸ್ಸಿನಿಂದ ಇಳಿದ ಜನಕ್ಕೆ ಮಾಡಲು ಕೆಲಸವಿರಲಿಲ್ಲ. ಅವರೆಲ್ಲ ಬಾಗಿಲಲ್ಲಿ ನಿಂತು ಹೊಲಿಗೆ ನೋಡತೊಡಗಿದರು. ಸೂಜಿ ಬಟ್ಟೆಯ ಒಳಗೆ ಹೋಗಿ ಹೊರಗೆ ಬರುವುದು ಕಣ್ಣಿಗೆ ಕಾಣದಷ್ಟು ಚುರುಕು. ಸೀಳು ಎಲ್ಲಿತ್ತೆಂದು ಆಮೇಲೆ ಮ್ಯಾನೇಜರರಿಗೇ ಸಿಗಲಿಲ್ಲ.

"ನನ್ನ ಚೀಲದ ಜಿಪ್ಪು ಹೋಗಿದೆ ಅಕ್ಕಾ," ಎಂದಿತು ಒಂದು ದನಿ.

"ನನ್ನ ಅಂಗಿ ಗುಂಡಿ..."

"ಸಾಲಾಗಿ ನಿಲ್ಲಿ," ಎಂದಳು ಟೈಲರಕ್ಕ. ಸಾಲಾಗಿ ನಿಂತರು. ಬಾಗಿಲು ತುಂಬಿತು, ಮೆಟ್ಟಿಲು ತುಂಬಿತು. ಎದುರಿನ ಮಳಿಗೆಯ ಮಾಲೀಕ ಕುರ್ಚಿಯನ್ನು ಒಳಗೆ ತೆಗೆದುಕೊಂಡ.

ಆದರೆ ಬಸ್ಸು ಗಲ್ಲಿಯಲ್ಲೇ ಇತ್ತು. ಹಿಂದಕ್ಕೆ ತೆಗೆಯಲೆಂದು ಚಾಲಕ ಹೊರಟರೆ, ಇಡೀ ಬೀದಿಯೇ ಕಂಡಕ್ಟರಾಯಿತು. "ಬರ್ಲಿ ಬರ್ಲಿ!" ಎಂದ ಒಬ್ಬ. "ಹೋಲ್ಡಾನ್!" ಎಂದ ಇನ್ನೊಬ್ಬ. "ಎಡಕ್ಕೆ!" "ನಿಮ್ಮೆಡ ಅಲ್ಲ, ಅವರೆಡ!" ಪೇದೆ ಸೀಟಿ ಊದಿದ. ಕಂಡಕ್ಟರೂ ಸೀಟಿ ಊದಿದ. ಡಾಕ್ಟರ ಕಿಟಕಿಯಿಂದ ಬಾಯಲ್ಲಿ ಹತ್ತಿ ಇಟ್ಟುಕೊಂಡ ಒಬ್ಬರು ಏನೋ ಸಲಹೆ ಕೊಟ್ಟರು, ಯಾರಿಗೂ ಅರ್ಥವಾಗಲಿಲ್ಲ. ಚಾಲಕ ಎಂಜಿನ್ ನಿಲ್ಲಿಸಿ ಸ್ಟಿಯರಿಂಗಿಗೆ ಹಣೆ ಹಚ್ಚಿದ. "ಹಿಂದೆ ಕತ್ತಲು. ಕಿವಿಗೆ ನೂರು ಮಾತು. ಯಾರನ್ನ ನಂಬಲಿ ನಾನು?" ಎಂದು ಕೂಗಿದ.

ಆ ಕೂಗು ಗಮನಿಸಿಯಣ್ಣನ ಎದೆಗೆ ನಾಟಿತು. ಅವನು ಮೆಟ್ಟಿಲ ಮೇಲೆ ಕೂತು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು, ತಂತಿಯನ್ನು ಪೆಟ್ಟಿಗೆಗೆ ಸಿಕ್ಕಿಸಿದ. ಅವಸರದಲ್ಲಿ ಮೊದಲು ತಪ್ಪಿ 'ಉಸಿರು' ಒತ್ತಿದ. ಗೋಡೆಯುದ್ದಕ್ಕೂ ನೀಲಿ ಬೆಳಕು ಮೆಲ್ಲಗೆ ಉಬ್ಬಿತು, ಮೆಲ್ಲಗೆ ಇಳಿಯಿತು.

"ಏನ್ರೀ ಇದು, ಬಸ್ಸಿಗೆ ಜೋಗುಳ ಹಾಡ್ತಿದೀರಾ?" ಎಂದು ಪೇದೆ ಗದರಿದ.

"ಒಂದು ನಿಮಿಷ ತಾಳಿ ಸ್ವಾಮಿ. ಪಲ್ಲವಿ ತಿದ್ತಿದೀನಿ."

"ಭಾವ, ಬೇಡ," ಎಂದ ಕಾಂಟ್ರಾಕ್ಟರ್, ಜೇಬಿನಿಂದ ಇಕ್ಕಳ ಎಳೆದು. "ನಾನು ವೈರೇ ಕತ್ತರಿಸಿಬಿಡ್ತೀನಿ."

"ಕತ್ತರಿ ಇರೋಳೇ ಕತ್ತರಿಸಿಲ್ಲ, ನೀನು ಸುಮ್ನಿರಯ್ಯಾ," ಎಂದ ಗಮನಿಸಿಯಣ್ಣ. ಭಾವಮೈದುನನಿಗೆ ಅವನು ಎದುರುತ್ತರ ಕೊಟ್ಟದ್ದು ಅದೇ ಮೊದಲು. ಇಬ್ಬರೂ ಒಂದು ಕ್ಷಣ ಗಾಬರಿಯಾದರು.

ಬದಲಿಸಬೇಕಾದದ್ದು ನಿಜಕ್ಕೂ ಬಹಳ ಇರಲಿಲ್ಲ. 'ಬನ್ನಿ'ಯ ಒಳಗೆ "ಮೊದಲಿನಿಂದ ಕೊನೆಗೆ" ಎಂದಿದ್ದದ್ದನ್ನು "ಕೊನೆಯಿಂದ ಮೊದಲಿಗೆ" ಎಂದು ಮಾಡಿದ. ಹಳದಿಯನ್ನು ಅಳಿಸಿ ಹಸಿರು ಎಂದು ಬರೆದ. ಕಣ್ಣು ಮುಚ್ಚಿ, ಅಜ್ಜಿ ಪದ್ಯ ಶುರು ಮಾಡುವ ಮೊದಲು ಮಾಡುತ್ತಿದ್ದಂತೆ ಮನಸ್ಸಿನಲ್ಲೇ ಒಂದು ಸಲ ಕೈಮುಗಿದು, ಗುಂಡಿ ಒತ್ತಿದ.

ಗಲ್ಲಿಯ ಕೊನೆಯಲ್ಲಿ, ಡಾಕ್ಟರ ಗೇಟಿನ ಮೇಲೆ, ಒಂದು ಹಸಿರು ಚುಕ್ಕೆ ಹುಟ್ಟಿತು. ಬಸ್ಸಿನ ಪಕ್ಕದ ಗೋಡೆಯುದ್ದಕ್ಕೂ ಸರಸರನೆ ಹಿಂದಕ್ಕೆ ಓಡಿತು. ಮೂಲೆ ತಿರುಗಿತು. ಅಂಗಡಿಯ ಬಾಗಿಲ ಮೇಲೆ ಬಂದು ಮಿಟುಕಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಒಂದೇ ಕಡೆ ತಿದ್ದಿದ್ದು. ಇಡೀ ಹಾಡು ತಿರುಗಿ ನಿಂತಿತ್ತು.

ಈಗ ಬೇಕಾದದ್ದು ಸದ್ದಡಗುವುದು. ಗಮನಿಸಿಯಣ್ಣ ಎದ್ದುನಿಂತ. ಮೈಕಿರಲಿಲ್ಲ. ಅವನು ಎದೆ ತುಂಬ ಉಸಿರೆಳೆದುಕೊಂಡ.

"ದಯವಿಟ್ಟು ಗಮನಿಸಿ!"

ಬೀದಿ ಒಮ್ಮೆಗೇ ಮೌನವಾಯಿತು. ಸೀಟಿಗಳು ಬಾಯಲ್ಲೇ ನಿಂತವು. ಹೊಲಿಗೆ ಯಂತ್ರವೂ ನಿಂತಿತು.

"ಡಾಕ್ಟರ ಗೇಟಿನಿಂದ ಮುಖ್ಯರಸ್ತೆಗೆ ಹೋಗುವ ಬಸ್ಸು ಇನ್ನು ಸ್ವಲ್ಪ ಹೊತ್ತಿನಲ್ಲಿ ಹಿಮ್ಮುಖವಾಗಿ ಹೊರಡಲಿದೆ. ಚಾಲಕರು ಬಲಗಡೆಯ ಕನ್ನಡಿಯಲ್ಲಿ ಗೋಡೆಯ ದೀಪವನ್ನು ಮಾತ್ರ ನೋಡತಕ್ಕದ್ದು. ಹಸಿರು ಓಡಿದರೆ ಬರುವುದು, ಕೆಂಪಾದರೆ ನಿಲ್ಲುವುದು. ಸಾರ್ವಜನಿಕರು ಬಾಯಿ ಮುಚ್ಚಿಕೊಂಡು ಸಹಕರಿಸಬೇಕಾಗಿ ವಿನಂತಿ. ಆಗಿರುವ ಅನನುಕೂಲಕ್ಕೆ..." ಇಲ್ಲಿ ಅವನ ದನಿ ಸ್ವಲ್ಪ ಒದ್ದೆಯಾಯಿತು, "...ನಾನು ವೈಯಕ್ತಿಕವಾಗಿ ವಿಷಾದಿಸುತ್ತೇನೆ."

ಬಸ್ಸು ಗುಡುಗಿತು. ಟೈಲರಕ್ಕ ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿ ಬಂದು ಮೂಲೆಯಲ್ಲಿ ನಿಂತಳು. ಬಟ್ಟೆಯ ಅಂಚನ್ನು ಕಣ್ಣಳತೆಯಲ್ಲೇ ಹಿಡಿಯುವವಳಿಗೆ 'ಬಸ್ಸು ಗೋಡೆಗೆ ಎಷ್ಟು ಹತ್ತಿರ' ಎಂಬುದೇನು ದೊಡ್ಡದು?

"ಬರ್ಲಿ," ಎಂದಳು. ಗಮನಿಸಿಯಣ್ಣ ಒತ್ತಿದ, ಹಸಿರು ಓಡಿತು. "ಬರ್ಲಿ... ಬರ್ಲಿ... ಹಾಂ, ನಿಲ್ಲಲಿ!" 'ನಿಲ್ಲಿ' ಒತ್ತಿದ. ಇಡೀ ಗಲ್ಲಿ ಕೆಂಪಾಯಿತು, ಬಸ್ಸು ಗಕ್ಕನೆ ನಿಂತಿತು. "ಹಿಂದುಗಡೆ ಒಂದು ಅಂಚು ಮಡಚುವಷ್ಟು ಬಲಕ್ಕೆ. ಈಗ ಬರ್ಲಿ. ಸರಿ ಇದೆ. ಕುತ್ತಿಗೆ ಹತ್ತಿರ ನಿಧಾನ ರೀ, ನಿಧಾನ!"

"ಯಾರ ಕುತ್ತಿಗೆ?"

"ಗಲ್ಲೀದು!"

ಇಷ್ಟು ವರ್ಷದಲ್ಲಿ ಗಂಡಹೆಂಡಿರು ಒಂದು ಸೋಫಾವನ್ನೂ ಜಗಳವಿಲ್ಲದೆ ಸರಿಸಿದವರಲ್ಲ. ಅಂದು ಒಂದು ಇಡೀ ಬಸ್ಸನ್ನು, ಗೋಡೆಯ ಸುಣ್ಣಕ್ಕೂ ತಾಗದಂತೆ, ಸೂಜಿಯ ಕಣ್ಣಿನಿಂದ ದಾರ ಹಿಂದೆಗೆದ ಹಾಗೆ ಹೊರಗೆ ತೆಗೆದರು. ಬಸ್ಸು ಮುಖ್ಯರಸ್ತೆಗೆ ಬಂದು ನಿಂತದ್ದೇ ತಡ, ಬೀದಿಯೆಲ್ಲ ಚಪ್ಪಾಳೆ ಹೊಡೆಯಿತು. ಚಾಲಕ ಕಿಟಕಿಯಿಂದ ಅರ್ಧ ದೇಹ ಹೊರಹಾಕಿ ಸೆಲ್ಯೂಟು ಹೊಡೆದ. ಸೆಲ್ಯೂಟು ತನಗೇ ಎಂದುಕೊಂಡು ಪೇದೆ ತಿರುಗಿ ಸೆಲ್ಯೂಟು ಹೊಡೆದ. ಆಮೇಲೆ ತನ್ನ ಹುದ್ದೆ ನೆನಪಾಗಿ ಗಂಟಲು ಸರಿಮಾಡಿಕೊಂಡ.

"ಹಳದಿ ಬಣ್ಣ ಮಾತ್ರ ಇನ್ನು ಹಾಕಕೂಡದು. ಕೆಂಪು, ಹಸಿರು ಕೂಡ ನಮ್ಮ ಇಲಾಖೆಯವು. ಬೇರೆ ಯಾವುದಾದ್ರೂ ಹಾಕ್ಕೊಳಿ."

"ಒಂದು ಪದ ಬದಲಿಸಿದ್ರೆ ಆಯ್ತು," ಎಂದ ಗಮನಿಸಿಯಣ್ಣ. ಬೆರಳನ್ನು ಗುಂಡಿಯ ಮೇಲೆ ಒಂದು ಗಳಿಗೆ ಸುಮ್ಮನೆ ಎತ್ತಿ ಹಿಡಿದ, ಎಲ್ಲರೂ ನೋಡಲಿ ಎಂದು. ನೋಡಿದರು. ಒತ್ತಿದ. ಹಸಿರೆಲ್ಲ ಬಿಳಿಯಾಗಿ, ಪುಟ್ಟ ಪುಟ್ಟ ಟಾಕುಗಳಂತೆ, ಗಲ್ಲಿಯ ಕೊನೆಯಿಂದ ಅಂಗಡಿಯ ಬಾಗಿಲವರೆಗೆ ಹೊಲಿದುಕೊಂಡು ಬಂತು.

ಅದರ ಬೆನ್ನ ಹಿಂದೆಯೇ ಡಾಕ್ಟರ ಕಡೆಯಿಂದ ಒಂದು ಮೆರವಣಿಗೆ. ದವಡೆ ಹಿಡಿದುಕೊಂಡ ಗಂಡಸರು, ಕೆನ್ನೆ ಊದಿದ ಹೆಂಗಸರು, ಎಲ್ಲರ ಕಂಕುಳಲ್ಲೂ ಬಟ್ಟೆಯ ಗಂಟು. ಬೆಳಕಿನ ಬೆನ್ನು ಹತ್ತಿ ಬಂದು ಸಾಲಿನ ಕೊನೆಗೆ ಸೇರಿಕೊಂಡರು. ಅವರ ಹಿಂದೆ ಬಂದ ಡಾಕ್ಟರು, "ಸ್ವಾಮಿ, ನನ್ನ ಗಿರಾಕಿಗಳನ್ನೆಲ್ಲ ಎಳ್ಕೊಂಡುಬಿಟ್ರಲ್ಲ!" ಎಂದು ಆಕ್ಷೇಪಿಸಿ, ಬಂದದ್ದೇ ಬಂದೆ ಎಂದು ತಮ್ಮ ಬಿಳಿ ಕೋಟಿನ ಜೇಬು ಹೊಲಿಸಿಕೊಂಡು ಹೋದರು.

ಎಲ್ಲ ಮುಗಿದು ಬಾಗಿಲು ಎಳೆಯುವಾಗ ಕಾಂಟ್ರಾಕ್ಟರ್ ಬಂದು ಕಾಲಿನಿಂದ ನೆಲ ಕೆರೆಯುತ್ತ ನಿಂತ.

"ಭಾವ, ಒಂದು ಮದುವೆ ಹಾಲಿನ ಕೆಲಸ ಬಂದಿದೆ. ಆ ಮ್ಯಾಕ್ರೋ ಏನದು... ಸ್ವಲ್ಪ ಹೇಳಿಕೊಡ್ತೀರಾ?"

ಗಮನಿಸಿಯಣ್ಣ ಅವನನ್ನು ಕರುಣೆಯಿಂದ ನೋಡಿದ. "ಕಲಿಯೋಕೆ ಕಾಲ ಹಿಡಿಯುತ್ತಪ್ಪ. ಮೊದಲು ಏಣಿ ಹಿಡ್ಕೊಳೋದರಿಂದ ಶುರು ಮಾಡು, ಪಾಪ."

ಟೈಲರಕ್ಕ ಬೀಗ ಹಾಕುತ್ತಿದ್ದವಳು ನಕ್ಕುಬಿಟ್ಟಳು. ಆಮೇಲೆ ಬೀಗದ ಕೈಯನ್ನು ಗಂಡನ ಅಂಗೈಯಲ್ಲಿಟ್ಟು, "ಸ್ವಿಚ್ಚು ನೀವೇ ಆರಿಸಿ ಬನ್ನಿ," ಎಂದಳು. ಇಸ್ತ್ರಿಪೆಟ್ಟಿಗೆಯ ಪ್ರಕರಣದ ಮೇಲೆ ಕಳೆದುಹೋಗಿದ್ದ ಹಕ್ಕು ಆ ಕ್ಷಣ ವಾಪಸು ಬಂತು.

ಮಾರನೆಯ ಬೆಳಿಗ್ಗೆ ಗಮನಿಸಿಯಣ್ಣ ಎಂದಿನಂತೆ ಗಾಜಿನ ಗೂಡಿನಲ್ಲಿ ಕೂತು, ಮೈಕಿನ ಗುಂಡಿ ಒತ್ತಿ, "ದಯವಿಟ್ಟು ಗಮನಿಸಿ," ಎಂದ.

ಇಡೀ ನಿಲ್ದಾಣ ತಲೆಯೆತ್ತಿತು. ಪತ್ರಿಕೆ ಓದುತ್ತಿದ್ದವರು ಮಡಚಿದರು. ಬಸ್ಸು ಹತ್ತುತ್ತಿದ್ದವರು ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟುಕೊಂಡು ನಿಂತರು. ಚಾಲಕರು ಎಂಜಿನ್ ಆರಿಸಿದರು. ಎಲ್ಲ ಕಣ್ಣುಗಳೂ ಗಾಜಿನ ಗೂಡಿನ ಮೇಲೆ.

ಅಷ್ಟು ಜನ ಗಮನಿಸಿದ್ದನ್ನು ಅವನು ಎಂದೂ ಕಂಡವನಲ್ಲ. ಯಾವ ಬಸ್ಸು, ಯಾವ ಪ್ಲಾಟ್‌ಫಾರಂ, ಎಲ್ಲವೂ ತಲೆಯಿಂದ ಹಾರಿಹೋಯಿತು. ಮೈಕು ಚಾಲೂ ಆಗಿಯೇ ಇತ್ತು. ಪಕ್ಕದ ಕೋಣೆಯ ಕಿಟಕಿಯಲ್ಲಿ ಮ್ಯಾನೇಜರರ ಮುಖ ಕಾಣಿಸಿತು. ಏನಾದರೂ ಹೇಳಲೇಬೇಕು. ಗಮನಿಸಿಯಣ್ಣ ಕಣ್ಣು ಮುಚ್ಚಿ, ಕಂಠಕ್ಕೆ ಸಿಕ್ಕಿದ್ದನ್ನು ರಾಗವಾಗಿ ಹೇಳಿಬಿಟ್ಟ:

"ಟೈಲರಕ್ಕನ ಅಂಗಡಿಗೆ ಹೋಗುವ ಪ್ರಯಾಣಿಕರು ಮುಖ್ಯರಸ್ತೆಯ ಮೂಲೆಯಲ್ಲಿ ಇಳಿಯತಕ್ಕದ್ದು. ಬಿಳಿ ದೀಪ ಎಲ್ಲಿ ಬಂದು ಮಿಟುಕುತ್ತದೋ, ಅದೇ ಬಾಗಿಲು."

ಮ್ಯಾನೇಜರು ಸಾಕು ನಿಲ್ಲಿಸು ಎಂಬಂತೆ ಕೈಯೆತ್ತಿದರು. ಎತ್ತಿದ ತೋಳಿನಲ್ಲಿ ಹೊಲಿಗೆಯನ್ನು ಒಂದು ಸಲ ಹುಡುಕಿ ನೋಡಿ, ಏನೂ ಕೇಳಿಸದವರಂತೆ, ಮೆಲ್ಲಗೆ ಕೈ ಇಳಿಸಿದರು. ಸೀಳು ಎಲ್ಲಿತ್ತೆಂದು ಅವರಿಗೆ ಆಗಲೂ ಗೊತ್ತಾಗಲಿಲ್ಲ.